ಗೋಡೆ ಒಸರುತ್ತದೆ, ತುಳಸಿ ಕೊಳೆಯುತ್ತದೆ: ಯಾವ ತಿಂಗಳು ಏನು ಮಾಡಲಿ?

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನಾಲ್ಕನೇ ಮಹಡಿಯಲ್ಲಿದ್ದೇವೆ. ಅದೇ ಕೊನೆಯ ಮಹಡಿ. ಕಟ್ಟಡಕ್ಕೆ 28 ವರ್ಷ. ಪ್ರತಿ ಮಳೆಗಾಲವೂ ಬೆಡ್‌ರೂಮಿನ ಪಡುವಣ ಗೋಡೆ ಕಿಟಕಿಯ ಕೆಳಗೆ ಒದ್ದೆಯಾಗುತ್ತದೆ. ಹಾಲ್‌ನ ಸೀಲಿಂಗ್ ಮೂಲೆಗೆ ಬೂಷ್ಟು ಹಿಡಿಯುತ್ತದೆ. ಎರಡು ಸಲ ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಹಚ್ಚಿಸಿದೆವು. ಎರಡೂ ಸಲ ಉಬ್ಬಿ ಉದುರಿತು. ಸೊಸಾಯಿಟಿಯ ಒಪ್ಪಿಗೆ ಪಡೆದು ಮೇಲಿನ ಟೆರೇಸಿನಲ್ಲಿ 25 ಕುಂಡ ಇಟ್ಟಿದ್ದೇನೆ. ಈ ಮಳೆಗೆ ತುಳಸಿ ಕೊಳೆತುಹೋಯಿತು. ಮಲ್ಲಿಗೆಯಲ್ಲಿ ಬರೀ ಎಲೆ. ನಮ್ಮ ಊರು ಕುಂದಾಪುರ. ಪ್ರತಿ ಮೇ ತಿಂಗಳು ಮೂರು ವಾರ ಊರಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ಗಿಡ ಒಣಗಿರುತ್ತದೆ. ಈ ದೀಪಾವಳಿಗೆ ಮನೆಗೆ ಬಣ್ಣ ಹೊಡೆಸಬೇಕು ಅಂತಿದ್ದೇವೆ. ಯಾವ ತಿಂಗಳು ಏನು ಮಾಡಬೇಕು, ಹೇಳ್ತೀರಾ?

ಉತ್ತರ: ಮೊದಲು ದೀಪಾವಳಿಯ ವಿಷಯ ಹೇಳಿಬಿಡುತ್ತೇನೆ, ಅದಕ್ಕೆ ಉಳಿದಿರುವ ದಿನ ಕಡಿಮೆ. ಒಣಗಿದ ಗೋಡೆಗಳಿಗೆ ಧಾರಾಳವಾಗಿ ಬಣ್ಣ ಹೊಡೆಸಿ. ಆ ಪಡುವಣ ಗೋಡೆಯನ್ನೂ ಸೀಲಿಂಗ್ ಮೂಲೆಯನ್ನೂ ಈಗ ಮುಟ್ಟಬೇಡಿ. ಹಬ್ಬಕ್ಕೆ ನೆಂಟರು ಬಂದಾಗ ಒಂದು ಗೋಡೆ ಹಾಗೇ ಕಂಡರೆ ಬೇಜಾರು, ಗೊತ್ತು. ಆದರೆ ನಾಲ್ಕು ತಿಂಗಳು ನೀರು ಕುಡಿದ ಗೋಡೆ ಎರಡು ವಾರದ ಅಕ್ಟೋಬರ್ ಬಿಸಿಲಿಗೆ ಒಳಗಿನವರೆಗೂ ಆರುವುದಿಲ್ಲ. ಮೇಲ್ಮೈ ಮಾತ್ರ ಆರಿರುತ್ತದೆ. ಅದರ ಮೇಲೆ ಪುಟ್ಟಿ ಎಳೆದು ಬಣ್ಣ ಹೊಡೆದರೆ, ಒಳಗಿನ ತೇವ ಹೊರಗೆ ಬರಲು ಬಣ್ಣವನ್ನೇ ತಳ್ಳುತ್ತದೆ. ನಿಮ್ಮ ಮನೆಯಲ್ಲಿ ಎರಡು ಸಲ ಆದದ್ದು ಇದೇ. ಆ ಎರಡು ಜಾಗಕ್ಕೆ ಫೆಬ್ರವರಿಯವರೆಗೆ ಕಾಯಿರಿ.

ನಾನು ಮುಂಬೈ, ಠಾಣೆ ಕಡೆ ಮೂವತ್ತು ವರ್ಷ ಕಟ್ಟಡ ದುರಸ್ತಿ ಕೆಲಸ ಮಾಡಿದವನು. ಮುಲುಂಡಿನ ನಮ್ಮ ಟೆರೇಸಿನಲ್ಲಿ ನನ್ನದೂ ಒಂದಿಷ್ಟು ಗಿಡಗಳಿವೆ. ಗೋಡೆ ಒಂದು ಸಮಸ್ಯೆ, ಗಿಡ ಇನ್ನೊಂದು ಸಮಸ್ಯೆ ಅಂತ ನೀವು ಬರೆದಿದ್ದೀರಿ. ನನಗೆ ಎರಡೂ ಒಂದೇ ಅನಿಸುತ್ತದೆ. ಬಿದ್ದ ನೀರಿಗೆ ಹೋಗಲು ದಾರಿ ಸಿಕ್ಕಿಲ್ಲ. ಗೋಡೆಯಲ್ಲಿ ಸಿಗದಿದ್ದರೆ ಒಸರುತ್ತದೆ, ಕುಂಡದಲ್ಲಿ ಸಿಗದಿದ್ದರೆ ಬೇರು ಕೊಳೆಯುತ್ತದೆ.

ನಿಮ್ಮ ಕುಂದಾಪುರದ ಮನೆಯನ್ನೇ ನೆನಪು ಮಾಡಿಕೊಳ್ಳಿ. ಅಲ್ಲಿ ಇಲ್ಲಿಗಿಂತ ಜಾಸ್ತಿ ಮಳೆ. ಆದರೂ ಹಳೆಯ ಹಂಚಿನ ಮನೆಯ ಗೋಡೆ ಇಷ್ಟು ಒಸರುವುದಿಲ್ಲ. ಇಳಿಜಾರಿನ ಮಾಡು, ಉದ್ದಕ್ಕೆ ಚಾಚಿದ ಸೂರು, ಸುತ್ತ ಜಗಲಿ. ಗಾಳಿಮಳೆಗೆ ಮಡಲಿನ ತಟ್ಟಿ ಬೇರೆ ಕಟ್ಟುತ್ತಾರೆ. ಮಳೆ ಗೋಡೆಯನ್ನು ಮುಟ್ಟುವುದೇ ಕಷ್ಟ. ಇಲ್ಲಿ ಮೇಲೆ ಚಪ್ಪಟೆ ಸ್ಲ್ಯಾಬ್, ಗೇಣುದ್ದದ ಸಜ್ಜಾ, ಗೋಡೆ ಬರೀ ಮೈಯಲ್ಲಿ ನಿಂತಿರುತ್ತದೆ. ಮುಂಬೈಯ ಸಾಂತಾಕ್ರೂಜ್ ಹವಾಮಾನ ಕೇಂದ್ರದ ಲೆಕ್ಕದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸರಾಸರಿ 2,300 ಮಿ.ಮೀ. ಹತ್ತಿರ ಮಳೆ. ಪುಣೆಗೆ ವರ್ಷವಿಡೀ ಬೀಳುವುದು ಇದರ ಮೂರನೇ ಒಂದು ಪಾಲಿನ ಆಸುಪಾಸು. ಹಾಗಾಗಿ ಪುಣೆಯಲ್ಲಿರುವ ನೆಂಟರು ಯಾರಾದರೂ ಉಪಾಯ ಹೇಳಿದರೆ ಅದು ಇಲ್ಲಿಗೆ ನಡೆಯಲಿಕ್ಕಿಲ್ಲ.

ಈಗ ಪಡುವಣ ಗೋಡೆ. ಮಳೆಯ ಗಾಳಿ ನಮಗೆ ನೈಋತ್ಯದಿಂದ ಬರುತ್ತದೆ. ಪಡುವಣ ಮತ್ತು ತೆಂಕಣ ಗೋಡೆಗಳಿಗೇ ಹೊಡೆತ ಜಾಸ್ತಿ. ಒದ್ದೆ ಕಿಟಕಿಯ ಕೆಳಗೆ ಶುರುವಾಗುತ್ತದೆ ಅಂದಿದ್ದೀರಿ. ಹಾಗಾದರೆ ನನ್ನ ಮೊದಲ ಅನುಮಾನ ಕಿಟಕಿಯ ಮೇಲೆ. ಸ್ಲೈಡಿಂಗ್ ಕಿಟಕಿಯಾದರೆ ಕೆಳಗಿನ ಅಲ್ಯೂಮಿನಿಯಂ ಟ್ರ್ಯಾಕ್ ನೋಡಿ. ಅದರ ಹೊರಬದಿಯಲ್ಲಿ ನೀರು ಹೋಗಲಿಕ್ಕೆ ಸಣ್ಣ ತೂತುಗಳಿರುತ್ತವೆ. ವರ್ಷಗಟ್ಟಲೆ ದೂಳು, ಪಾರಿವಾಳದ ಪುಕ್ಕ ಸೇರಿ ಅವು ಮುಚ್ಚಿಹೋಗುತ್ತವೆ. ಮಳೆ ನೀರು ಟ್ರ್ಯಾಕ್‌ನಲ್ಲಿ ತುಂಬಿ ಒಳಗಡೆಗೆ ಉಕ್ಕುತ್ತದೆ, ಚೌಕಟ್ಟಿನ ಸಂದಿಯಿಂದ ಗೋಡೆಯೊಳಗೆ ಇಳಿಯುತ್ತದೆ. ಒಂದು ಹಿಡಿಸೂಡಿ ಕಡ್ಡಿ ತೆಗೆದುಕೊಂಡು ತೂತುಗಳನ್ನು ಬಿಡಿಸಿ. ಆಮೇಲೆ ಒಂದು ಚೊಂಬು ನೀರು ಟ್ರ್ಯಾಕ್‌ಗೆ ಹಾಕಿ. ಸರಾಗವಾಗಿ ಹೊರಗೆ ಹೋಗಬೇಕು. ತೂತೇ ಇಲ್ಲದ ಟ್ರ್ಯಾಕ್‌ಗಳನ್ನೂ ನೋಡಿದ್ದೇನೆ. ಅಲ್ಯೂಮಿನಿಯಂ ಕೆಲಸದವನನ್ನು ಕರೆದರೆ ಡ್ರಿಲ್ ಹಾಕಿ ಕೊಡುತ್ತಾನೆ, ಅರ್ಧ ಗಂಟೆಯ ಕೆಲಸ. ಇಷ್ಟು ಸಣ್ಣ ಕಾರಣಕ್ಕೆ ಮನೆ ಮಂದಿ ಸಾವಿರಗಟ್ಟಲೆ ಪೇಂಟಿಗೆ ಸುರಿದದ್ದನ್ನು ಕಂಡು ಎಷ್ಟೋ ಸಲ ಹೊಟ್ಟೆ ಉರಿದಿದೆ.

ಅದರ ಜೊತೆ ಇನ್ನೆರಡು ಸಂಗತಿ ನೋಡಿ. ಕಿಟಕಿಯ ಹೊರಗಿನ ಕಲ್ಲು ಹೊರಕ್ಕೆ ಇಳಿಜಾರಾಗಿರಬೇಕು, ಒಳಕ್ಕೆ ವಾಲಿರಬಾರದು. ಚೌಕಟ್ಟಿಗೂ ಗೋಡೆಗೂ ನಡುವಿನ ಸಿಲಿಕಾನ್ ಬಿಸಿಲಿಗೆ ಗಟ್ಟಿಯಾಗಿ ಬಿಟ್ಟುಕೊಂಡಿದ್ದರೆ ಹಳೆಯದನ್ನು ಬ್ಲೇಡಿನಿಂದ ಪೂರ್ತಿ ಕೆರೆದು ಹೊಸದು ತುಂಬಿಸಬೇಕು. ಹಳೆಯದರ ಮೇಲೆ ಹೊಸದು ಹಚ್ಚಿದರೆ ಹಿಡಿಯುವುದಿಲ್ಲ. ಇವೆಲ್ಲ ಸರಿಯಿದ್ದರೆ ಮಾತ್ರ ಹೊರಗೋಡೆಯ ಬಿರುಕಿನ ಮಾತು.

ಗೋಡೆಯ ಒದ್ದೆ ಹೊರಗಿನಿಂದ ಬಂದದ್ದೋ ಒಳಗಿನ ಹಬೆಯಿಂದ ಕಟ್ಟಿದ್ದೋ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಒಂದು ಚದರಡಿ ಕತ್ತರಿಸಿ, ನಾಲ್ಕೂ ಬದಿ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಎರಡು ದಿನ ಬಿಟ್ಟು ತೆಗೆಯಿರಿ. ಗೋಡೆಯ ಕಡೆ ಹನಿ ಇದ್ದರೆ ನೀರು ಗೋಡೆಯೊಳಗಿದೆ. ಕೋಣೆಯ ಕಡೆ ಹನಿ ಇದ್ದರೆ ಅದು ಮನೆಯೊಳಗಿನ ಹಬೆ, ಗಾಳಿಯಾಡಿಸಿದರೆ ಸಾಕು. ಜನವರಿ ಕೊನೆಯಲ್ಲಿ ಇದನ್ನೇ ಮತ್ತೆ ಮಾಡಿ. ಹಾಳೆ ಎರಡೂ ಕಡೆ ಒಣಗಿದ್ದರೆ ಗೋಡೆ ಬಣ್ಣಕ್ಕೆ ತಯಾರು. ಗೋಡೆಯ ಮೇಲೆ ಬಿಳಿ ಉಪ್ಪು ಹೂವಿನ ಹಾಗೆ ಎದ್ದಿದ್ದರೆ ನೀರು ಹಾಕಿ ತೊಳೆಯಬೇಡಿ. ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ಬ್ರಷ್‌ನಿಂದ ಉದುರಿಸಿ ಗುಡಿಸಿಬಿಡಿ.

ಸೀಲಿಂಗ್ ಮೂಲೆಯ ವಿಷಯ ಸ್ವಲ್ಪ ಕಷ್ಟದ್ದು, ಯಾಕೆಂದರೆ ಅದಕ್ಕೆ ನಿಮ್ಮ ಕುಂಡಗಳೇ ಕಾರಣ ಇರಬಹುದು. ಬೇಸರ ಮಾಡಿಕೊಳ್ಳಬೇಡಿ. ಸುಮ್ನೆ ಮೇಲೆ ಹೋಗಿ, ಆ ಮೂಲೆಯ ನೇರಕ್ಕೆ ಏನಿದೆ ನೋಡಿ. ನಮ್ಮ ಕಡೆಯ ಹಳೆ ಕಟ್ಟಡಗಳಲ್ಲಿ ಸ್ಲ್ಯಾಬಿನ ಮೇಲೆ ಇಟ್ಟಿಗೆ ಚೂರು, ಸಿಮೆಂಟಿನ ದಪ್ಪ ಪದರ (ಕೋಬಾ) ಹಾಕಿ, ಅದರ ಮೇಲೆ ಒಡೆದ ಟೈಲ್ ಚೂರುಗಳನ್ನು (ಚೈನಾ ಮೊಸಾಯಿಕ್) ಕೂರಿಸಿರುತ್ತಾರೆ. ಚೂರುಗಳ ನಡುವಿನ ಸಿಮೆಂಟ್ ಕಾಲ ಕಳೆದ ಹಾಗೆ ಸವೆಯುತ್ತದೆ. ನೆಲಕ್ಕೆ ಅಂಟಿಸಿ ಇಟ್ಟ ಕುಂಡದ ಅಡಿ ಸದಾ ಒದ್ದೆ. ಬೇರು ಕುಂಡದ ತೂತಿನಿಂದ ಇಳಿದು ಆ ಸಂದಿಗೆ ಹೋಗುತ್ತದೆ. ಒಂದೊಂದೇ ಕುಂಡ ಎತ್ತಿ ನೋಡಿ. ಎತ್ತುವಾಗ ಅಂಟಿಕೊಂಡ ಹಾಗೆ ಬಂದರೆ ಬೇರು ಇಳಿದಿದೆ ಅಂತ ಅರ್ಥ. ಆ ಬೇರನ್ನು ಕತ್ತರಿಸಿ, ಸಂದಿಯನ್ನು ಪಾಲಿಮರ್ ಬೆರೆಸಿದ ಸಿಮೆಂಟಿನಿಂದ ತುಂಬಿಸಿ. ಇನ್ನು ಮೇಲೆ ಪ್ರತಿ ಕುಂಡವೂ ಇಟ್ಟಿಗೆಯ ಮೇಲೋ ಕಬ್ಬಿಣದ ಸ್ಟ್ಯಾಂಡಿನ ಮೇಲೋ ಇರಲಿ. ಅಡಿಯಲ್ಲಿ ಕೈ ತೂರಿಸಿ ಗುಡಿಸುವಷ್ಟು ಜಾಗ ಬೇಕು.

ಭಾರದ ಮಾತನ್ನೂ ಹೇಳಬೇಕು. 12 ಇಂಚಿನ ಕುಂಡ ನೆನೆದ ಮಣ್ಣಿನ ಜೊತೆ 25 ಕಿಲೋ ಹತ್ತಿರ ಬರುತ್ತದೆ. ಅಂಥ 25 ಕುಂಡ ಅಂದರೆ 600 ಕಿಲೋಗೂ ಮೇಲೆ. ಅವನ್ನು ಸ್ಲ್ಯಾಬಿನ ನಡುವೆ ಒಟ್ಟಿಗೆ ಇಡಬೇಡಿ. ಕೆಳಗೆ ತೊಲೆ ಇರುವ ಗೆರೆಯಲ್ಲಿ, ಅಂಚಿನ ಉದ್ದಕ್ಕೆ ಹಂಚಿ. ಆದರೆ ಮಳೆನೀರು ಇಳಿಯುವ ಕೊಳವೆಯ ಬಾಯಿಯಿಂದ ಎರಡು ಅಡಿ ದೂರ ಬಿಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿ.ಮೀ. ಮಳೆ ಬಿತ್ತು. ಆ ವಾರವೆಲ್ಲ ನಾನು ಒಂದು ಟೆರೇಸಿನಿಂದ ಇನ್ನೊಂದು ಟೆರೇಸಿಗೆ ಓಡಾಡಿದೆ. ಕೆರೆಯಾಗಿ ನಿಂತ ಟೆರೇಸುಗಳಲ್ಲಿ ನಾನು ಕಂಡದ್ದು ಬಹುಪಾಲು ಒಂದೇ. ಕೊಳವೆಯ ಬಾಯಿಗೆ ಒಣ ಎಲೆ, ಹಾಲಿನ ಪ್ಲಾಸ್ಟಿಕ್ ಚೀಲ, ಒಂದು ಹಳೇ ಕುಂಡ. ಮೊಣಕೈವರೆಗೆ ಕೈ ಹಾಕಿ ಎಳೆದಾಗ ನೀರು ಗುಳುಗುಳು ಅಂತ ಇಳಿದ ಸದ್ದು ಈಗಲೂ ಕಿವಿಯಲ್ಲಿದೆ.

ಕುಂಡಗಳನ್ನು ಸರಿಸಿದ ಮೇಲೂ ಅನುಮಾನ ಉಳಿದರೆ ಫೆಬ್ರವರಿಯಲ್ಲಿ ನೀರು ನಿಲ್ಲಿಸಿ ಪರೀಕ್ಷೆ ಮಾಡಿಸಿ. ಕೊಳವೆಯ ಬಾಯಿ ಕಟ್ಟಿ, ಆ ಭಾಗದಲ್ಲಿ ಎರಡು ಮೂರು ಇಂಚು ನೀರು 48 ಗಂಟೆ ನಿಲ್ಲಿಸುತ್ತಾರೆ. ಕೆಳಗೆ ತೇವ ಕಂಡರೆ ಟೆರೇಸಿನ ವಾಟರ್‌ಪ್ರೂಫಿಂಗ್ ಆಗಲೇಬೇಕು. ಅದನ್ನು ಏಪ್ರಿಲ್ ಒಳಗೆ ಮುಗಿಸಿ. ಮೇ ತಿಂಗಳಲ್ಲಿ ಒಳ್ಳೆ ಮೇಸ್ತ್ರಿ ಕೈಗೆ ಸಿಗುವುದಿಲ್ಲ, ಸಿಕ್ಕಿದವನು ಹೇಳಿದ್ದೇ ರೇಟು.

ಖರ್ಚು ಯಾರದು ಅಂತ ನೀವು ಕೇಳಿಲ್ಲ, ಆದರೆ ಆ ಪ್ರಶ್ನೆ ಬಂದೇ ಬರುತ್ತದೆ. ಮಹಾರಾಷ್ಟ್ರದ ಹೌಸಿಂಗ್ ಸೊಸಾಯಿಟಿಗಳ ಮಾದರಿ ಬೈಲಾದ ಪ್ರಕಾರ ಹೊರಗೋಡೆ, ಮಳೆನೀರಿನ ಸೋರಿಕೆ, ಟೆರೇಸಿನಿಂದ ನೀರಿಳಿದು ಹಾಳಾದ ಕೊನೆಯ ಮಹಡಿಯ ಸೀಲಿಂಗ್ ಪ್ಲಾಸ್ಟರ್, ಇವೆಲ್ಲ ಸೊಸಾಯಿಟಿಯ ಜವಾಬ್ದಾರಿ. ಮನೆಯೊಳಗಿನ ಬಾತ್‌ರೂಮ್, ಸಿಂಕ್ ಸೋರಿಕೆ ಮನೆಯವರದು. ಒಳಗಿನ ಪೇಂಟಿಗೆ ದುಡ್ಡು ಹಾಕುವ ಮೊದಲು ಸೊಸಾಯಿಟಿಗೆ ಒಂದು ಕಾಗದ ಬರೆಯಿರಿ. ಫೋಟೋ ಲಗತ್ತಿಸಿ, ನಕಲಿನ ಮೇಲೆ ಸಹಿ, ತಾರೀಕು ಹಾಕಿಸಿಕೊಳ್ಳಿ. ಕುಂಡ ಸರಿಸಿ, ಬೇರು ತೆಗೆಸಿ ಆಮೇಲೆ ಬರೆದರೆ ನಿಮ್ಮ ಮಾತಿಗೆ ತೂಕ ಜಾಸ್ತಿ.

ಟೆರೇಸಿಗೆ ಹೋದಾಗ ಇನ್ನೊಂದು ಕೆಲಸ. ಪೈಪಿನ ಹಿಂದೆ, ಗೋಡೆಯ ಸಂದಿಯಲ್ಲಿ ಅಶ್ವತ್ಥದ ಸಸಿ ಎದ್ದಿದೆಯೇ ನೋಡಿ. ನಮ್ಮವರು ಅದನ್ನು ಕೀಳಲು ಹಿಂಜರಿಯುತ್ತಾರೆ, ನಾನೂ ಹಿಂಜರಿಯುತ್ತಿದ್ದೆ. ನಾಲ್ಕು ಎಲೆ ಇರುವಾಗಲೇ ಬೇರು ಸಮೇತ ತೆಗೆದು ಕುಂಡದಲ್ಲಿಟ್ಟು, ಆಮೇಲೆ ಬಯಲಲ್ಲಿ ನೆಟ್ಟುಬಿಡಿ. ಎರಡು ವರ್ಷ ಬಿಟ್ಟರೆ ಅದು ಗೋಡೆಯನ್ನೇ ಸೀಳುತ್ತದೆ.

ಇನ್ನು ಗಿಡಗಳು. ತುಳಸಿ ಕೊಳೆತದ್ದು ಬೇರಿನಿಂದ. ಬರೀ ಕೆಂಪು ಮಣ್ಣು ಮಳೆಗೆ ಗಟ್ಟಿಯಾಗಿ ಇಟ್ಟಿಗೆಯಾಗುತ್ತದೆ. ಕೋಕೋಪೀಟ್ ಜಾಸ್ತಿ ಹಾಕಿದರೆ ಸ್ಪಂಜಿನ ಹಾಗೆ ನೀರು ಹಿಡಿದುಕೊಳ್ಳುತ್ತದೆ. ತುಳಸಿಗೆ ನಾನು ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಕಾಂಪೋಸ್ಟ್ ಬೆರೆಸುತ್ತೇನೆ. ಮೃಗಶಿರಾ ಮಳೆ ಹಿಡಿಯುವ ಮೊದಲೇ ಕುಂಡವನ್ನು ಸಜ್ಜಾದ ಕೆಳಗೆ ತರಬೇಕು. ಬೆಳಕು ಬೇಕು, ಹೊಡೆತದ ಮಳೆ ಬೇಡ. ದಿನಾ ಪೂಜೆಗೆ ನೀರು ಹಾಕುತ್ತೀರಲ್ವಾ? ಮಳೆಗಾಲದಲ್ಲಿ ಅದು ಒಂದು ಉದ್ಧರಣೆ ಸಾಕು. ಚೊಂಬುಗಟ್ಟಲೆ ಸುರಿದ ಭಕ್ತಿಯ ನೀರಿಗೇ ಎಷ್ಟೋ ತುಳಸಿ ಹೋಗುತ್ತದೆ. ಕದಿರು ಬಂದ ಹಾಗೆ ಚಿವುಟುತ್ತಿರಿ. ಬೀಜ ಕಟ್ಟಲು ಬಿಟ್ಟರೆ ಗಿಡ ಬೇಗ ಮುದಿಯಾಗುತ್ತದೆ. ಆಗಸ್ಟ್‌ನಲ್ಲಿ ಎರಡು ಕುಡಿ ಕತ್ತರಿಸಿ ಲೋಟದ ನೀರಿನಲ್ಲಿ ಇಟ್ಟುಕೊಳ್ಳಿ, ಬೇರು ಬಿಡುತ್ತದೆ. ದೊಡ್ಡ ಗಿಡ ಹೋದರೂ ಉತ್ಥಾನ ದ್ವಾದಶಿಗೆ ಕೈಯಲ್ಲಿ ಒಂದು ಗಿಡ ಇರುತ್ತದೆ.

ಮಲ್ಲಿಗೆಗೆ ಬರೀ ಎಲೆ ಬರುವುದು ಬಿಸಿಲು ಸಾಲದೆ, ಅಥವಾ ಕತ್ತರಿ ಹಾಕದೆ. ನವೆಂಬರ್ ಕೊನೆಗೆ ನೀರು ಕಡಿಮೆ ಮಾಡಿ. ಡಿಸೆಂಬರ್‌ನಲ್ಲಿ ಧೈರ್ಯ ಮಾಡಿ ಅರ್ಧದಷ್ಟು ಕತ್ತರಿಸಿ, ಉಳಿದ ಹಳೆ ಎಲೆ ಕಿತ್ತುಬಿಡಿ. ಗಿಡ ಬೋಳಾಗಿ ಕಂಡರೆ ಹೆದರಬೇಡಿ. ಜನವರಿ ಕೊನೆಗೆ ಮೇಲ್ಮಣ್ಣು ಸಡಿಲಿಸಿ ಎರಡು ಹಿಡಿ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಹಾಕಿ ನೀರು ಶುರು ಮಾಡಿ. ಹೊಸ ಚಿಗುರಿನ ತುದಿಯಲ್ಲೇ ಮೊಗ್ಗು. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕೇ ಬೇಕು.

ಬಿಸಿಲು ಅಂದಾಗ ನೆನಪಾಯಿತು. ಸೂರ್ಯನ ದಾರಿ ಬದಲಾಗುವುದನ್ನು ಗಮನಿಸಿ. ಮುಂಬೈ ಇರುವುದು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ನಡುವಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಆಮೇಲೆ ಜುಲೈ ಕೊನೆಯವರೆಗೆ ಬಡಗಣ ಬದಿಗಿರುತ್ತಾನೆ. ಡಿಸೆಂಬರ್‌ನಲ್ಲಿ ತೆಂಕಣಕ್ಕೆ ವಾಲಿ, ಬಡಗಣ ಬಾಲ್ಕನಿಗೆ ನೇರ ಬಿಸಿಲೇ ಇರುವುದಿಲ್ಲ. ಟೆರೇಸಿನಲ್ಲೂ ತೆಂಕಣ ಮೋಟುಗೋಡೆಯ ನೆರಳು ಚಳಿಗಾಲದಲ್ಲಿ ಉದ್ದವಾಗುತ್ತದೆ. ದೀಪಾವಳಿ ಮುಗಿದ ಮೇಲೆ ಕುಂಡಗಳ ಜಾಗ ಬದಲಿಸಿ.

ನವೆಂಬರ್‌ನಿಂದ ಫೆಬ್ರವರಿವರೆಗೆ ಸೊಪ್ಪಿನ ಕಾಲ. ಮೆಂತ್ಯ ನಾಲ್ಕೈದು ದಿನದಲ್ಲಿ ಮೊಳೆಯುತ್ತದೆ. ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ, ಒಂದೆರಡು ವಾರ ಕಾಯಿರಿ. ಮಾರ್ಚ್ ಬಿಸಿಗೆ ಅದು ಹೂಬಿಟ್ಟು ಮುಗಿಯುತ್ತದೆ, ಅದು ನಿಮ್ಮ ತಪ್ಪಲ್ಲ. ಕರಿಬೇವು ಚಳಿಗೆ ಮಲಗುತ್ತದೆ. ಎಲೆ ಹಳದಿಯಾಯಿತೆಂದು ಆಗ ಗೊಬ್ಬರ ಸುರಿಯಬೇಡಿ, ಫೆಬ್ರವರಿಯಲ್ಲಿ ಕೊಡಿ. ದಾಸವಾಳಕ್ಕೆ ಹಿಟ್ಟು ತಿಗಣೆ ಬಂದರೆ ಮೊದಲು ನೀರಿನ ಹೊಡೆತದಿಂದ ಉದುರಿಸಿ. ಆಮೇಲೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ನಾಲ್ಕು ಹನಿ ಸೋಪು ಬೆರೆಸಿ ಸಂಜೆ ಸಿಂಪಡಿಸಿ. ಬಸಳೆ, ಕೆಸು ಇವೆರಡಕ್ಕೆ ಮಳೆಗಾಲವೇ ತವರು. ಜೂನ್‌ನಲ್ಲಿ ಬಸಳೆಯ ದಂಟು ಊರಿಬಿಡಿ, ಆಮೇಲೆ ಅದರ ಪಾಡಿಗೆ ಅದು.

ಮೇ 15ರ ಒಳಗೆ ಮುಗಿಸಬೇಕಾದ ಮನೆ ಕೆಲಸ ಹೇಳುತ್ತೇನೆ. ಕಿಟಕಿ ಗ್ರಿಲ್ಲಿನ ತುಕ್ಕು ಕೆರೆದು ಪ್ರೈಮರ್, ಮೇಲೆ ಎರಡು ಕೈ ಬಣ್ಣ. ಟೆರೇಸಿನ ಕೊಳವೆ ಬಾಯಿಗಳಿಗೆ ಜಾಲರಿ. ಸೊಸಾಯಿಟಿಯ ನೀರಿನ ಟ್ಯಾಂಕ್ ತೊಳೆಸಿ, ಮುಚ್ಚಳ ಬಿಗಿಯಾಗಿದೆಯೇ ನೋಡುವುದು. ಒಸರುವ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇದ್ದರೆ ಎಲೆಕ್ಟ್ರಿಷಿಯನ್‌ಗೆ ತೋರಿಸದೆ ಮಳೆಗಾಲಕ್ಕೆ ಕಾಲಿಡಬೇಡಿ. ಇದೊಂದನ್ನು ಮುಂದಕ್ಕೆ ಹಾಕಬೇಡಿ.

ಹವಾಮಾನ ಇಲಾಖೆಯ ಲೆಕ್ಕಕ್ಕೆ ಮುಂಬೈಗೆ ಮುಂಗಾರು ಬರುವುದು ಜೂನ್ 11ರ ಸುಮಾರಿಗೆ, ಹೋಗುವುದು ಅಕ್ಟೋಬರ್ 8ರ ಸುಮಾರಿಗೆ. ಆರಿದ್ರಾ ಮಳೆ ಆರದೆ ಹುಯ್ಯುತ್ತದೆ ಅಂತಾರಲ್ಲ, ಆಗ ರಿಪೇರಿಗೆ ಕೈ ಹಾಕಬೇಡಿ. ನೋಡಿ, ಬರೆದಿಡಿ. ಗೋಡೆಯ ಒದ್ದೆ ಎಲ್ಲಿವರೆಗೆ ಬಂತು ಅಂತ ಪೆನ್ಸಿಲ್ ಗೆರೆ ಎಳೆದು ತಾರೀಕು ಹಾಕಿ, ಫೋಟೋ ತೆಗೆಯಿರಿ. ಮಳೆ ಬಂದ ಗಂಟೆಯೊಳಗೆ ಒದ್ದೆ ಹೆಚ್ಚಾದರೆ ಕಿಟಕಿ ಅಥವಾ ಬಿರುಕು. ಮಳೆ ನಿಂತು ಒಂದೆರಡು ದಿನದ ಮೇಲೆ ಹೆಚ್ಚಾದರೆ ಟೆರೇಸು. ಮಳೆಗೂ ಅದಕ್ಕೂ ಸಂಬಂಧವೇ ಇಲ್ಲದಿದ್ದರೆ ಒಳಗಿನ ಪೈಪು. ಆ ಫೋಟೋಗಳು ಮೇಸ್ತ್ರಿಗೂ ಸೊಸಾಯಿಟಿಗೂ ದಾರಿ ತೋರಿಸುತ್ತವೆ.

ಬೂಷ್ಟನ್ನು ಒಣ ಬಟ್ಟೆಯಿಂದ ಉಜ್ಜಬೇಡಿ, ಮನೆಯೆಲ್ಲ ಹಾರುತ್ತದೆ. ಒಂದು ಪಾಲು ಬ್ಲೀಚ್‌ಗೆ ಹತ್ತು ಪಾಲು ನೀರು ಬೆರೆಸಿ, ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿ, ಕಿಟಕಿ ತೆರೆದು ಒರೆಸಿ. ಬ್ಲೀಚ್ ಜೊತೆ ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಯಾವತ್ತೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಕಪಾಟುಗಳನ್ನು ಗೋಡೆಯಿಂದ ನಾಲ್ಕು ಇಂಚು ಮುಂದಕ್ಕೆ ಎಳೆಯಿರಿ. ಕುಂಡದ ಕೆಳಗಿನ ತಟ್ಟೆಗಳನ್ನು ಜೂನ್‌ನಲ್ಲೇ ತೆಗೆದಿಡಿ. ಡೆಂಗ್ಯೂ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಿಚ್ಚುವವರೆಗೆ ಏಳರಿಂದ ಹತ್ತು ದಿನ ಸಾಕು, ಅದಕ್ಕೆ ಬೇಕಾದದ್ದು ಬೊಗಸೆ ನೀರು.

ಕೊನೆಗೆ ನಿಮ್ಮ ಮೇ ತಿಂಗಳ ಪ್ರವಾಸ. ಮೂರು ವಾರಕ್ಕೆ ಬಾಟಲಿ, ಬತ್ತಿ ಇವುಗಳನ್ನೇ ನಂಬಬೇಡಿ. ಪಕ್ಕದ ಮನೆಯವರಿಗೆ ಮೂರು ದಿನಕ್ಕೊಮ್ಮೆ ಹತ್ತು ನಿಮಿಷ ಕೇಳಿಕೊಳ್ಳಿ, ಅವರ ಕೆಲಸ ಹಗುರ ಮಾಡಿಟ್ಟು ಹೋಗಿ. ಸ್ಟ್ಯಾಂಡ್ ಸಮೇತ ಕುಂಡಗಳನ್ನು ಅಂಚಿನ ಒಂದು ಬದಿಗೆ, 50 ಶೇಕಡಾ ಹಸಿರು ನೆರಳು ಬಲೆಯ ಕೆಳಗೆ ಸಾಲಾಗಿ ಜೋಡಿಸಿ. ಮಣ್ಣಿನ ಮೇಲೆ ಎರಡು ಇಂಚು ಒಣ ಎಲೆ, ಸಣ್ಣಗೆ ಕತ್ತರಿಸಿದ ತೆಂಗಿನ ಸಿಪ್ಪೆ ಹೊದಿಸಿ. ದೊಡ್ಡ ಕುಂಡಗಳಲ್ಲಿ ಬಣ್ಣ ಬಳಿಯದ ಒಂದು ಪುಟ್ಟ ಮಣ್ಣಿನ ಕುಡಿಕೆಯನ್ನು ಕುತ್ತಿಗೆವರೆಗೆ ಹುಗಿದು ನೀರು ತುಂಬಿ ಮುಚ್ಚಿ. ನೀರು ಮೆಲ್ಲಗೆ ಒಸರಿ ಬೇರಿಗೆ ಸಿಗುತ್ತದೆ. ಪಕ್ಕದವರು ಕುಡಿಕೆ ತುಂಬಿಸಿದರೆ ಆಯಿತು.

ಊರಿನಿಂದ ಬರುವಾಗ ಶಂಕರಪುರ ಮಲ್ಲಿಗೆಯ ನಾಲ್ಕು ಗೆಲ್ಲು ತನ್ನಿ. ಪೆನ್ಸಿಲ್ ದಪ್ಪದ್ದು, ತೀರ ಎಳೆಯದು ಬೇಡ. ಒದ್ದೆ ಬಟ್ಟೆಯಲ್ಲಿ ಸುತ್ತಿ ರೈಲಿನಲ್ಲಿ ನೆರಳಿಗಿಡಿ. ಮನೆ ಮುಟ್ಟಿದ ದಿನವೇ ಅರ್ಧ ಮರಳು, ಅರ್ಧ ಮಣ್ಣಿನಲ್ಲಿ ಊರಿ, ಸಜ್ಜಾದ ಕೆಳಗೆ ತುಳಸಿಯ ಪಕ್ಕ ಇಟ್ಟುಬಿಡಿ. ಮೃಗಶಿರಾದ ತಂಪಿಗೆ ಚಿಗುರುತ್ತದೆ. ನಾಲ್ಕರಲ್ಲಿ ಎರಡು ಹಿಡಿದರೂ ಸಾಕು.